ಚೋಕನ್ನು ಒಳಗೆ ತಳ್ಳುವ ಹೊತ್ತು

ಕಂಟೋನ್ಮೆಂಟ್, ಬಳ್ಳಾರಿ
೪ ಸೆಪ್ಟೆಂಬರ್ ೨೦೨೩

ಸುನಂದಾಳಿಗೆ ಆಶೀರ್ವಾದಗಳು.

ಎರಡು ವರ್ಷಗಳಿಂದ ನಮ್ಮ ನಡುವೆ ಮಾತಿಲ್ಲ. ಮಾತು ಬಿಟ್ಟವಳು ನೀನು. ಕಾರಣವೇನೆಂದು ನನಗೆ ಇಂದಿಗೂ ತಿಳಿದಿಲ್ಲ; ಅದನ್ನು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಒಂದು ಯಂತ್ರದ ವಿಷಯದಲ್ಲಿ ನಿನ್ನ ಸಲಹೆ ಬೇಕಾಗಿದೆ. ಕುರುಗೋಡಿನ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ನೀನು ವಿಜ್ಞಾನದ ಪ್ರಯೋಗಾಲಯದಲ್ಲಿ ಯಾವುದಾದರೊಂದು ಮೋಟಾರನ್ನು ಬಿಚ್ಚಿಕೊಂಡು, ಸೀರೆಯ ಸೆರಗಿಗೆಲ್ಲ ಎಣ್ಣೆ ಮಾಡಿಕೊಂಡು ಕೂಡುತ್ತಿದ್ದೆ. ನಾನು ಗದರಿಸುತ್ತಿದ್ದೆ. ಈಗ ಆ ವಿದ್ಯೆಯೇ ಬೇಕಾಗಿ ಬಂದಿದೆ.

ನನ್ನ ತಮ್ಮ ರಾಘಣ್ಣ ಹಳೆಯ ಮಿನಿಬಸ್ಸೊಂದನ್ನು ತಂದು, ಅದರೊಳಗೆ ಎರಡು ಹಾಸಿಗೆ, ಅಡುಗೆಯ ಕಟ್ಟೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವನ್ನೂ ಕೂಡಿಸಿದ್ದನ್ನು ನೀನು ನೋಡಿದ್ದೀಯೆ. ಓಣಿಯವರು ಅದಕ್ಕೆ ಮನಿಗಾಡಿ ಎನ್ನುತ್ತಾರೆ. ನಿವೃತ್ತಿಯ ನಂತರ ನಾನೂ ನೀನೂ ಅದರಲ್ಲಿ ಊರೂರು ತಿರುಗುವುದೆಂದು ಒಂದು ಕಾಲಕ್ಕೆ ಮಾತಾಗಿತ್ತು. ಕಳೆದ ವರ್ಷ ರಾಘಣ್ಣ ತೀರಿಕೊಂಡ. ಅಂದಿನಿಂದ ಗಾಡಿ ಟಾರ್ಪಾಲು ಹೊದ್ದುಕೊಂಡು ನಮ್ಮ ಆವರಣದಲ್ಲೇ ನಿಂತಿದೆ. ಹೊಸಪೇಟೆಯ ಯಾರೋ ಅದನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಡಲು ಕೇಳುತ್ತಿದ್ದಾರೆ. ಮಹಡಿಯ ಮೇಲೆ ವಾಸವಾಗಿರುವ ರಾಘಣ್ಣನ ಮಗ ವಿಶ್ವಪ್ರಿಯ ನನ್ನೆದುರು ಕುರ್ಚಿ ಎಳೆದುಕೊಂಡು ಕುಳಿತು ಹೇಳಿದ್ದು ಇದು: “ಅತ್ತೀ, ಸಂಕ್ರಾಂತಿ ಮಟ ನೋಡೋಣು. ಅಷ್ಟರಾಗ ಜನರೇಟರ್ ನೀವ ಒಬ್ರ ಚಾಲೂ ಮಾಡಿ ತೋರಿಸ್ರಿ, ಗಾಡಿ ನಿಮ್ದು. ಆಗ್ಲಿಲ್ಲಾಂದ್ರ ಅವರಿಗೆ ಕೊಟ್ಟಬಿಡೋಣು. ದಾರ್‍ಯಾಗ ಕತ್ತಲಾಗ ಕೂತ್ರ ಯಾರನ್ನ ಕರೀತೀರಿ?”

ಗಾಡಿಯ ಹಿಂಬದಿಯಲ್ಲಿ ಚಿಕ್ಕದೊಂದು ಬಾಗಿಲಿನೊಳಗೆ ಪೆಟ್ರೋಲಿನ ಜನರೇಟರ್ ಇದೆ. ದೀಪ, ಫ್ಯಾನು, ನೀರೆತ್ತುವ ಮೋಟಾರು ಎಲ್ಲವೂ ಅದರ ಆಸರೆಯಲ್ಲೇ ನಡೆಯಬೇಕು. ರಾಘಣ್ಣ ತೋರಿಸಿಕೊಟ್ಟ ಪ್ರಕಾರವೇ ಚೋಕನ್ನು ಹೊರಗೆಳೆದು ಗುಂಡಿ ಒತ್ತುತ್ತೇನೆ. ಚಾಲೂ ಆಗುವುದಿಲ್ಲ.

ನನಗೆ ಆ ಗಾಡಿ ಬೇಕು. ಏಕೆಂದು ಕೇಳಬೇಡ. ಫೋನು ಮಾಡಬೇಡ, ಇಂಥ ವಿಷಯ ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ. ಬರೆದು ಕಳುಹಿಸು.

ಇತಿ,
ವಿಜಯಾಬಾಯಿ


ಸಿರುಗುಪ್ಪ
೧೩ ಸೆಪ್ಟೆಂಬರ್ ೨೦೨೩

ಮಾನ್ಯ ವಿಜಯಾಬಾಯಿಯವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ರಾಘಣ್ಣನವರು ತೀರಿಕೊಂಡದ್ದು ನನಗೆ ತಡವಾಗಿ ತಿಳಿಯಿತು. ತಿಳಿದ ದಿನ ನಿಮಗೆ ಫೋನು ಮಾಡಿದೆ. ನೀವು ಎತ್ತಲಿಲ್ಲ. ಅದಿರಲಿ.

ನನ್ನ ತಮ್ಮ ದೊಡ್ಡಬಸವರಾಜನ ಮನೆಯಲ್ಲಿದ್ದೇನೆಂಬುದು ನಿಮಗೆ ಗೊತ್ತು. ಭತ್ತದ ವ್ಯಾಪಾರದ ಮನೆ. ಹೊತ್ತು ಹುಟ್ಟಿದಾಗಿನಿಂದ ಮಂದಿ ಬರುತ್ತಾರೆ, ಹೋಗುತ್ತಾರೆ. ಇದರ ನಡುವೆ ನಿಮ್ಮ ಪತ್ರವನ್ನು ಓದಲು ಅಟ್ಟ ಹತ್ತಿ ಕುಳಿತೆ. ನಾನು ಹೊಳೆದಂಡೆಯ ಪಂಪ್‌ಸೆಟ್ಟಿನ ಸಪ್ಪಳದಲ್ಲಿ ಬೆಳೆದವಳು. ಎಂಜಿನ್ನಿನ ಬಗ್ಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಬಳ್ಳಾರಿಗೆ ಬಾ ಎಂದು ನೀವು ಕರೆದಿಲ್ಲ; ಕರೆಯದೆ ನಾನು ಬರುವವಳಲ್ಲ.

ಮೊದಲನೆಯದು, ಟ್ಯಾಂಕಿನಲ್ಲಿರುವ ಪೆಟ್ರೋಲ್ ರಾಘಣ್ಣನವರ ಕಾಲದ್ದೇ ಆಗಿದ್ದರೆ ಅದು ಈಗ ಪೆಟ್ರೋಲ್ ಅಲ್ಲ. ನಿಂತ ಪೆಟ್ರೋಲ್ ಅಂಟಾಗುತ್ತದೆ. ಕಾರ್ಬುರೇಟರಿನ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಪೂರ್ತಿ ಬಸಿದು, ಕಾರ್ಬುರೇಟರನ್ನು ಬಿಚ್ಚಿ ತೊಳೆಸಿ, ಹೊಸದನ್ನು ಹಾಕಿಸಿ. ಎರಡನೆಯದು, ಆಯಿಲ್ ಕಡಿಮೆಯಾದರೆ ಇಂಥ ಎಂಜಿನ್ನುಗಳು ತಾವೇ ಹಟ ಹಿಡಿದು ನಿಲ್ಲುತ್ತವೆ. ಆಯಿಲ್ ಸಾಕಷ್ಟಿದ್ದರೂ ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಕಡಿಮೆಯಿದೆಯೆಂದೇ ತಿಳಿಯುತ್ತವೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು: ಗುಂಡಿ ಒತ್ತಿದಾಗ ಸಪ್ಪಳ ಹೇಗೆ ಬರುತ್ತದೆಂದು ಬರೆಯಿರಿ. ಕಟಕಟ ಎಂದು ಸುಮ್ಮನಾಗುತ್ತದೆಯೇ, ಸ್ಟಾರ್ಟರ್ ಮಾತ್ರ ತಿರುಗುತ್ತದೆಯೇ, ಎಂಜಿನ್ ಹಿಡಿದಂತೆ ಮಾಡಿ ಬಿಡುತ್ತದೆಯೇ? ಅರ್ಧ ರೋಗ ಸಪ್ಪಳದಲ್ಲೇ ತಿಳಿಯುತ್ತದೆ.

ಈ ಪತ್ರಕ್ಕೆ ಕೆಂಪು ಶಾಯಿ ಹಚ್ಚಿ ತಿರುಗಿ ಕಳುಹಿಸಬೇಡಿ.

ನಿಮ್ಮ,
ಸುನಂದಾ


ಕಂಟೋನ್ಮೆಂಟ್, ಬಳ್ಳಾರಿ
೩ ಅಕ್ಟೋಬರ್ ೨೦೨೩

ಸುನಂದಾಳಿಗೆ ಆಶೀರ್ವಾದಗಳು.

ನೀನು ಬರೆದ ಕ್ರಮದಲ್ಲಿಯೇ ಎಲ್ಲ ಮಾಡಿಸಿದೆ. ಮೆಕ್ಯಾನಿಕ್ ರಾಮಾಂಜಿನಿ ಬಂದಿದ್ದ. ಟ್ಯಾಂಕಿನಿಂದ ಇಳಿದದ್ದು ಕಬ್ಬಿನ ಪಾಕದ ಬಣ್ಣದ್ದಾಗಿತ್ತು. ಬಾಗಿಲಿಗೆ ಹಚ್ಚುವ ವಾರ್ನಿಷಿನ ವಾಸನೆ. ಕಾರ್ಬುರೇಟರನ್ನು ಬಿಚ್ಚಿ ತೊಳೆದ. ಆಯಿಲ್ ಬದಲಾಯಿಸಿದ. ಗಾಡಿಯ ಹಿಂದಿನ ಚಕ್ರಗಳು ತಗ್ಗಿನಲ್ಲಿದ್ದವು. ಡ್ರೈವರ್ ಹುಲುಗಪ್ಪನನ್ನು ಕರೆಸಿ ಮುಂದಕ್ಕೆ ತೆಗೆಸಿದೆ. ಆ ದಿನ ರಾಮಾಂಜಿನಿ ಗುಂಡಿ ಒತ್ತಿದ ಕೂಡಲೇ ಗಾಡಿಯೊಳಗಿನ ದೀಪ ಹತ್ತಿತು. ರಾಘಣ್ಣ ಹೋದ ಮೇಲೆ ಮೊದಲ ಬಾರಿಗೆ ಅಲ್ಲಿ ಬೆಳಕು. ಅವನ ಚಪ್ಪಲಿ ಹಾಸಿಗೆಯ ಕೆಳಗೆ ಹಾಗೆಯೇ ಇದ್ದವು.

ಮರುದಿನ ಬೆಳಗ್ಗೆ ನಾನೊಬ್ಬಳೇ ಪ್ರಯತ್ನಿಸಿದೆ. ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ರಾಮಾಂಜಿನಿಯನ್ನು ಕರೆಸಿದರೆ ಅವನು ಎರಡು ನಿಮಿಷದಲ್ಲಿ ಚಾಲೂ ಮಾಡಿ ಕೊಟ್ಟು ಹೋಗುತ್ತಾನೆ. ಅವನ ಕೈಗೆ ಬಗ್ಗುವ ಯಂತ್ರ ನನ್ನ ಕೈಗೆ ಬಗ್ಗುವುದಿಲ್ಲವೆಂದರೆ ಇದರಲ್ಲಿ ನಾನು ತಿಳಿಯದ ಯಾವುದೋ ನಿಯಮವಿದೆ. ಆ ನಿಯಮವೇನೆಂದು ಬರೆ.

ದಸರೆಗೆ ನಮ್ಮಲ್ಲಿ ಯಾರೂ ಬರುವವರಿಲ್ಲ. ಸಂಜೆ ಹೊತ್ತು ಗಾಡಿಯೊಳಗೆ ಹೋಗಿ ಕಿಟಕಿಯ ಬಳಿ ಕೂಡುತ್ತೇನೆ. ಮನೆಯೊಳಗೆ ಎಲ್ಲರೂ ಒಟ್ಟಿಗೆ ಕುಳಿತು ನಗುತ್ತಿರುವಾಗ ಕೂಡುವುದಕ್ಕಿಂತ ಅಲ್ಲಿ ಕೂಡುವುದು ಸುಲಭ.

ಇತಿ,
ವಿಜಯಾಬಾಯಿ


ಸಿರುಗುಪ್ಪ
೧೬ ಅಕ್ಟೋಬರ್ ೨೦೨೩

ಮಾನ್ಯ ವಿಜಯಾಬಾಯಿಯವರಿಗೆ ನಮಸ್ಕಾರಗಳು.

ಪೆಟ್ರೋಲು ಹೊಸದು, ಕಾರ್ಬುರೇಟರು ಸ್ವಚ್ಛ, ರಾಮಾಂಜಿನಿಯ ಕೈಗೆ ಚಾಲೂ ಆಗುತ್ತದೆ. ಅಂದಮೇಲೆ ಎಂಜಿನ್ನಿನಲ್ಲಿ ದೋಷವಿಲ್ಲ. ಚಾಲೂ ಮಾಡುವ ರೀತಿಯಲ್ಲಿ ಏನೋ ಇದೆ. ಕೋಪ ಮಾಡಿಕೊಳ್ಳಬೇಡಿ.

ಚೋಕ್ ಎಂಬುದು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚು ಕುಡಿಸುತ್ತದೆ. ತಣ್ಣಗಿರುವ ಎಂಜಿನ್ನಿಗೆ ಮೊದಲಲ್ಲಿ ಅದು ಬೇಕು. ಹಿಡಿದ ಕೂಡಲೇ ಬೇಡ. ಎಂಜಿನ್ ಹಿಡಿಯಿತೆಂದರೆ ತಕ್ಷಣ ಗುಂಡಿಯ ಮೇಲಿನ ಬೆರಳು ತೆಗೆಯಬೇಕು. ಮೊದಲಲ್ಲಿ ಅದರ ದನಿ ಎಡವುತ್ತದೆ, ಕೆಮ್ಮುತ್ತದೆ. ದನಿ ಸಮನಾಗುತ್ತ ಬಂದ ಹಾಗೆ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಬೇಕು. ತಡಮಾಡಿದರೆ ಪೆಟ್ರೋಲು ಹೆಚ್ಚಾಗಿ ಉಸಿರುಕಟ್ಟಿ ನಿಲ್ಲುತ್ತದೆ. ಆಮೇಲೆ ಬಹಳ ಹೊತ್ತು ಯಾರ ಮಾತನ್ನೂ ಕೇಳುವುದಿಲ್ಲ.

ರಾಮಾಂಜಿನಿಯಿಂದ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗನ್ನು ಬಿಚ್ಚಿಸಿ ಅದರ ತುದಿಯ ಬಣ್ಣ ನೋಡಿ ಬರೆಯಿರಿ. ನಸುಗಂದು ಬಣ್ಣವಿದ್ದರೆ ಒಳ್ಳೆಯದು. ಕಪ್ಪಗಿದ್ದರೆ ಚೋಕ್ ಹೊರಗೇ ಉಳಿಯುತ್ತಿದೆಯೆಂದು ಅರ್ಥ.

ಸಪ್ಪಳದ ವಿಷಯ ನೀವು ಬರೆಯಲೇ ಇಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬಿಟ್ಟುಬಂದ ಹುಡುಗಿಯರನ್ನು ನೀವು ಬಿಸಿಲಲ್ಲಿ ನಿಲ್ಲಿಸುತ್ತಿದ್ದಿರಿ. ದಯಮಾಡಿ ಈ ಸಲ ಬರೆಯಿರಿ.

ನಿಮ್ಮ,
ಸುನಂದಾ


ಕಂಟೋನ್ಮೆಂಟ್, ಬಳ್ಳಾರಿ
೧೮ ನವೆಂಬರ್ ೨೦೨೩

ಸುನಂದಾಳಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಪ್ಲಗ್ಗಿನ ತುದಿ ಕಾಡಿಗೆಯಷ್ಟು ಕಪ್ಪಗಿತ್ತು. ಉಜ್ಜಿ ಹಾಕಿಸಿದೆ. ಮತ್ತೆ ಕಪ್ಪಾಯಿತು. ಹೊಸದನ್ನು ಹಾಕಿಸಿದೆ. ಅದೂ ಕಪ್ಪಾಯಿತು. ರಾಮಾಂಜಿನಿ ಅದನ್ನು ನನ್ನ ಮುಖದ ಮುಂದೆ ಹಿಡಿದು, “ಅಮ್ಮಾರ, ನಾ ಮಾಡಿದ್ರ ಆಗತೈತಿ, ನೀವು ಮಾಡಿದ್ರ ಯಾಕ ಆಗವಲ್ದು? ಚಾಲೂ ಆದ ಮ್ಯಾಲೂ ಚೋಕ್ ಬಿಡಂಗಿಲ್ಲೇನು ನೀವು?” ಎಂದ. ನನ್ನ ಜೀವಮಾನದಲ್ಲಿ ಸೂಚನೆಯನ್ನು ಸರಿಯಾಗಿ ಪಾಲಿಸಲಿಲ್ಲವೆಂದು ನನಗೆ ಹೇಳಿದವರಿಲ್ಲ. ಅವನನ್ನು ಕಳುಹಿಸಿಬಿಟ್ಟೆ. ನಾನು ಚಾಲೂ ಮಾಡುವಾಗ ಯಾರೂ ಹತ್ತಿರ ನಿಲ್ಲಕೂಡದೆಂದು ಮನೆಯವರಿಗೂ ಹೇಳಿದ್ದೇನೆ.

ಸಪ್ಪಳ, ಸಪ್ಪಳ ಎಂದು ಬರೆಯುತ್ತೀಯೆ. ಈ ಯಂತ್ರ ಸ್ವಭಾವದಿಂದಲೇ ಸಪ್ಪಳ ಮಾಡುವಂಥದ್ದಲ್ಲ. ರಾಘಣ್ಣ ಒಳ್ಳೆಯದನ್ನೇ ಆರಿಸಿ ತಂದಿದ್ದ.

ದೀಪಾವಳಿ ಮುಗಿಯಿತು. ಈ ವರ್ಷ ಕಂಟೋನ್ಮೆಂಟಿನಲ್ಲಿ ಪಟಾಕಿ ಬಹಳ ಕಡಿಮೆ ಮಾಡಿದ್ದಾರೆ. ಆಕಾಶದಲ್ಲಿ ಬಣ್ಣ ಕಂಡಿತೇ ಹೊರತು ಗದ್ದಲವಿರಲಿಲ್ಲ. ಜನರಿಗೆ ಬುದ್ಧಿ ಬರುತ್ತಿದೆಯೆಂದು ತೋರುತ್ತದೆ. ಒಟ್ಟಿನಲ್ಲಿ ನಮ್ಮ ಓಣಿ ಈಗ ಬಹಳ ಶಾಂತವಾಗಿದೆ. ಒಮ್ಮೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು.

ಸಂಕ್ರಾಂತಿ ದೂರವಿಲ್ಲ. ಹೊಸಪೇಟೆಯವರು ಬಂದು ಗಾಡಿಯ ಸುತ್ತ ತಿರುಗಾಡಿ, ಹಾಸಿಗೆಗಳನ್ನು ಒತ್ತಿ ನೋಡಿ ಹೋದರು. ಎರಡನೆಯ ಹಾಸಿಗೆಯನ್ನು ಕಿತ್ತು ಅಲ್ಲಿ ಟಿವಿ ಇಡುತ್ತಾರಂತೆ.

ಇತಿ,
ವಿಜಯಾಬಾಯಿ


ಸಿರುಗುಪ್ಪ
೨೫ ನವೆಂಬರ್ ೨೦೨೩

ಶ್ರೀ ವಿಶ್ವಪ್ರಿಯ ಅವರಿಗೆ ಆಶೀರ್ವಾದಗಳು.

ನಾನು ನಿಮ್ಮ ಸೋದರತ್ತೆಯವರ ಜೊತೆ ಕುರುಗೋಡಿನಲ್ಲಿ ಕೆಲಸ ಮಾಡಿದ ಸುನಂದಾ. ಅಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನೀವು ಚಿಕ್ಕವರಿದ್ದಾಗ ರಜೆಗೆ ಬಂದು ನನ್ನ ಅಡುಗೆಗೆ ಖಾರವೆಂದು ಅತ್ತಿದ್ದು ನೆನಪಿರಬಹುದು. ಈ ಪತ್ರದ ಸಂಗತಿ ಅವರಿಗೆ ತಿಳಿಯುವುದು ಬೇಡ.

ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಅತ್ತೆಯವರಿಗೆ ಕಿವಿ ಕೇಳುತ್ತದೆಯೇ?

ನಿಮ್ಮ ತಂದೆಯವರು ಆ ಗಾಡಿಯನ್ನು ತೋರಿಸಲು ನಮ್ಮ ಶಾಲೆಗೆ ತಂದು ಜನರೇಟರನ್ನು ಚಾಲೂ ಮಾಡಿದ ದಿನ ಹುಡುಗಿಯರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಪಾಠ ನಿಲ್ಲಿಸಬೇಕಾಯಿತು. ಆ ಯಂತ್ರಕ್ಕೆ ಸಪ್ಪಳವಿಲ್ಲವೆಂದು ನಿಮ್ಮ ಅತ್ತೆ ನನಗೆ ಬರೆದಿದ್ದಾರೆ. ಬಳ್ಳಾರಿಯಲ್ಲಿ ದೀಪಾವಳಿಗೆ ಗದ್ದಲವಿರಲಿಲ್ಲವೆಂದೂ ಬರೆದಿದ್ದಾರೆ. ಅವರು ಸುಳ್ಳು ಹೇಳುವವರಲ್ಲ.

ಎರಡು ವರ್ಷಗಳ ಹಿಂದೆ ಕುರುಗೋಡಿನ ಒಂದು ಮದುವೆಯಲ್ಲಿ ನಾನು ಅವರನ್ನು ಹಿಂದಿನಿಂದ “ಅಕ್ಕಾ, ಅಕ್ಕಾ” ಎಂದು ಕೂಗಿದೆ. ಊಟಕ್ಕೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಅವರು ತಿರುಗದೆ ಹೊರಟುಹೋದರು. ಸೊಕ್ಕು ಎಂದುಕೊಂಡೆ. ಅಂದಿನಿಂದ ನಾನು ಮಾತು ಬಿಟ್ಟೆ. ಈಗ ಆ ದಿನವನ್ನು ಬೇರೆ ರೀತಿಯಲ್ಲಿ ನೋಡಬೇಕಾಗಿ ಬಂದಿದೆಯೇನೋ ಎಂದು ಭಯವಾಗುತ್ತಿದೆ. ಬೇಗ ಬರೆಯಿರಿ.

ಇತಿ,
ಸುನಂದಾ


ಬಳ್ಳಾರಿ
೨ ಡಿಸೆಂಬರ್ ೨೦೨೩

ಪೂಜ್ಯ ಸುನಂದಾ ಟೀಚರ್ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಪತ್ರ ಬರೆದು ಬಹಳ ಕಾಲವಾಯಿತು, ತಪ್ಪುಗಳನ್ನು ಮನ್ನಿಸಬೇಕು. ನಿಮ್ಮ ಊಹೆ ನಿಜ. ಅತ್ತೆಯವರಿಗೆ ಕೇಳಿಸುವುದಿಲ್ಲ. ಎದುರಿಗೆ ಕುಳಿತು, ನಿಧಾನವಾಗಿ, ಮುಖ ಕಾಣುವ ಹಾಗೆ ಮಾತನಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನಾಲ್ಕು ಜನ ಕೂಡಿದಾಗ ಏನೂ ತಿಳಿಯದೆ ಎದ್ದುಹೋಗುತ್ತಾರೆ. ಡಾಕ್ಟರ ಬಳಿ ಹೋಗೋಣವೆಂದು ಒಮ್ಮೆ ಕೇಳಿದೆ. “ನನ್ನ ಕಿವಿ ಚೊಲೋನ ಅವ. ನಿಮಗ್ಯಾರಿಗೂ ಬಾಯಿ ತೆರೆದು ಮಾತಾಡ್ಲಿಕ್ಕೆ ಬರಂಗಿಲ್ಲ, ಅಷ್ಟ” ಎಂದರು. ಮತ್ತೊಮ್ಮೆ ಕೇಳುವ ಧೈರ್ಯ ಮಾಡಿದಾಗ ನನ್ನ ಹೆಂಡತಿ ಸುಮೇಧಾ ತಡೆದಳು: “ಸುಮ್ನಿರ್ರಿ, ಕಿವಿ ಅಂದ್ರ ಸಾಕು, ಊಟ ಬಿಟ್ಟು ಕೂಡ್ತಾರ. ಆಮ್ಯಾಲೆ ಸಮಾಧಾನ ಮಾಡಾಕ ನೀವು ಇರಂಗಿಲ್ಲ, ನಾ ಇರಬೇಕು.”

ಒಂದು ದಿನ ಬೆಳಗ್ಗೆ ನಾನು ಮಹಡಿಯಿಂದ ನೋಡುತ್ತಿದ್ದೆ. ಅತ್ತೆ ಗಾಡಿಯ ಹಿಂದೆ ನಿಂತು ಗುಂಡಿ ಒತ್ತಿದರು. ಜನರೇಟರ್ ಚಾಲೂ ಆಯಿತು, ಟೀಚರ್. ಓಣಿಗೆಲ್ಲ ಕೇಳುವ ಹಾಗೆ ಆಯಿತು. ಅವರು ಮಾತ್ರ ಗುಂಡಿಯನ್ನು ಒತ್ತಿಕೊಂಡೇ ನಿಂತಿದ್ದರು. ಸ್ಟಾರ್ಟರ್ ಕರಕರ ಎನ್ನುತ್ತಿತ್ತು. ಕಪ್ಪು ಹೊಗೆ ಬಂತು. “ಅತ್ತೀ, ಆಗೇದ್ರೀ! ಕೈ ತಗೀರಿ!” ಎಂದು ನಾನು ಮೇಲಿನಿಂದ ಕೂಗಿದೆ. ತಲೆಯೆತ್ತಲಿಲ್ಲ. ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಅವರು ಬಾಗಿಲು ಮುಚ್ಚಿ, ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಬಂದು, “ಇವತ್ತೂ ಆಗ್ಲಿಲ್ಲ ನೋಡೋ. ನಿಮ್ಮಪ್ಪನ ಹಂಗ ಮೊಂಡದ” ಎಂದರು.

ಆ ಷರತ್ತು ಹಾಕಿದವನು ನಾನೇ. ಗಾಡಿಯ ಮೇಲಿನ ಆಸೆಯಿಂದಲ್ಲ. ರಸ್ತೆಯಲ್ಲಿ ಹಿಂದಿನಿಂದ ಲಾರಿ ಹಾರನ್ ಹೊಡೆದರೆ ಅವರಿಗೆ ಕೇಳುವುದಿಲ್ಲವೆಂಬ ಹೆದರಿಕೆ. ಜನರೇಟರ್ ಚಾಲೂ ಆಗದಿದ್ದರೆ ಮನೆಯಲ್ಲೇ ಇರುತ್ತಾರೆಂದುಕೊಂಡೆ. ಇದನ್ನು ಬರೆಯುವಾಗ ನಾನು ಮಾಡಿದ್ದು ಸರಿಯೆನಿಸುತ್ತಿಲ್ಲ. ನಿಮಗೆ ತೋಚಿದ್ದನ್ನು ಮಾಡಿ. ನಾನು ಅಡ್ಡ ಬರುವುದಿಲ್ಲ.

ಇತಿ ತಮ್ಮ ವಿಧೇಯ,
ವಿಶ್ವಪ್ರಿಯ


ಸಿರುಗುಪ್ಪ
೧೧ ಡಿಸೆಂಬರ್ ೨೦೨೩

ಮಾನ್ಯ ವಿಜಯಾಬಾಯಿಯವರಿಗೆ ನಮಸ್ಕಾರಗಳು.

ನಾನು ಹಿಂದೆ ಬರೆದ ಕ್ರಮವನ್ನು ಬಿಟ್ಟುಬಿಡಿ. ಪ್ರತಿ ಎಂಜಿನ್ನಿಗೂ ಒಂದೊಂದು ಗುಣವಿರುತ್ತದೆ. ನಿಮ್ಮದಕ್ಕೆ ಬೇರೆ ದಾರಿಯೇ ಬೇಕು. ನಮ್ಮಪ್ಪನ ಪಂಪ್‌ಸೆಟ್ಟಿನ ಮೇಲೆ ಇದನ್ನು ನಾನೇ ಮಾಡಿ ನೋಡಿ ಬರೆಯುತ್ತಿದ್ದೇನೆ.

ಜನರೇಟರಿನ ಚಿಕ್ಕ ಬಾಗಿಲಿನ ಮೇಲ್ಗಡೆ ಅಂಗೈ ಅಗಲದ ತಗಡು ಖಾಲಿಯಿದೆ. ಎಡಗೈಯನ್ನು ಅಲ್ಲಿ ಪೂರ್ತಿಯಾಗಿ ಊರಿ. ಬೆರಳ ತುದಿ ಸಾಲದು, ಅಂಗೈ ಬೇಕು. ಬಲಗೈಯಿಂದ ಗುಂಡಿ ಒತ್ತಿ. ಮೊದಲು ಸಣ್ಣ ನಡುಕ ಬರುತ್ತದೆ, ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟ ಹಾಗೆ. ಅದು ಸ್ಟಾರ್ಟರ್. ಅದರ ಹಿಂದೆಯೇ ದಪ್ಪನೆಯ ನಡುಕ ಬರುತ್ತದೆ, ಹಿಟ್ಟು ರುಬ್ಬುವ ಗ್ರೈಂಡರಿನ ಮೇಲೆ ಕೈಯಿಟ್ಟ ಹಾಗೆ. ಅದು ಮೊಣಕೈಯವರೆಗೂ ಏರುತ್ತದೆ. ಏರಿದ ಕ್ಷಣ ಗುಂಡಿಯನ್ನು ಬಿಡಿ. ಮತ್ತೆ ಒತ್ತಬೇಡಿ.

ಆಮೇಲೆ ಚೋಕ್. ಮೊದಲೇ ಒಂದು ಅಗಲವಾದ ಸ್ಟೀಲಿನ ಬಟ್ಟಲಿನಲ್ಲಿ ನೀರು ತುಂಬಿ ಜನರೇಟರಿನ ಪಕ್ಕದ ತಗಡಿನ ಮೇಲೆ ಇಟ್ಟಿರಿ. ಎಂಜಿನ್ ಎಡವುವಾಗ ನೀರು ತುಳುಕಾಡುತ್ತದೆ. ಅಲೆಗಳು ಒಂದರ ಮೇಲೊಂದು ಬೀಳುತ್ತವೆ. ಚೋಕನ್ನು ಕಾಲುಭಾಗ ಒಳಗೆ ತಳ್ಳಿ ನೀರನ್ನು ನೋಡಿ. ಅಲೆಗಳು ಕ್ರಮಕ್ಕೆ ಬಂದರೆ ಇನ್ನಷ್ಟು ತಳ್ಳಿ. ಕೊನೆಗೆ ಉಂಗುರದೊಳಗೆ ಉಂಗುರ ಬಿಡಿಸಿದ ಹಾಗೆ ನೀರು ನಿಲ್ಲುತ್ತದೆ. ಆಗ ಚೋಕ್ ಪೂರ್ತಿ ಒಳಗಿರಬೇಕು. ಹೊಗೆಯ ಬಣ್ಣವನ್ನೂ ನೋಡುತ್ತಿರಿ. ಕಪ್ಪಾದರೆ ತಡವಾಯಿತೆಂದು ಅರ್ಥ. ಗಾಡಿಯೊಳಗಿನ ದೀಪವನ್ನು ಹಚ್ಚಿಟ್ಟಿರಿ; ಅದು ಮಿಣುಕುವುದನ್ನು ಬಿಟ್ಟರೆ ಎಲ್ಲ ಸರಿಯಾಗಿದೆ.

ನಾನು ಗದ್ದೆಯಲ್ಲಿ ಕಣ್ಣುಮುಚ್ಚಿ, ಕಿವಿಗೆ ಹತ್ತಿ ಇಟ್ಟುಕೊಂಡು, ಅಂಗೈಯೊಂದನ್ನೇ ನಂಬಿ ಮಾಡಿ ನೋಡಿದೆ. ದೊಡ್ಡಬಸವರಾಜ ನೋಡಿ, “ಏನಕ್ಕಾ, ಎಂಜಿನ್ನಿಗೆ ದೃಷ್ಟಿ ತೆಗಿಯಾಕ ಹತ್ತಿಯೇನು?” ಎಂದು ನಕ್ಕ. ನಗಲಿ.

ನಿಮ್ಮ,
ಸುನಂದಾ


ಕಂಟೋನ್ಮೆಂಟ್, ಬಳ್ಳಾರಿ
೩೦ ಡಿಸೆಂಬರ್ ೨೦೨೩

ಸುನಂದಾಳಿಗೆ,

ಜನರೇಟರ್ ಚಾಲೂ ಆಯಿತು. ಮೊದಲನೆಯ ದಿನವೇ ಆಯಿತು. ಬಟ್ಟಲಿನ ನೀರು ನೀನು ಬರೆದ ಹಾಗೆಯೇ ಉಂಗುರವಾಗಿ ನಿಂತಿತು. ಪ್ಲಗ್ಗಿನ ಬಣ್ಣ ಈಗ ನಸುಗಂದು. ವಿಶ್ವಪ್ರಿಯನನ್ನು ಕರೆದು ಅವನೆದುರು ಚಾಲೂ ಮಾಡಿ ತೋರಿಸಿದೆ. ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡು, “ಗಾಡಿ ನಿಮ್ದು ಅತ್ತೀ” ಎಂದ. ಹೊಸಪೇಟೆಯವರಿಗೆ ಬರಬೇಡಿರೆಂದು ಹೇಳಿದನಂತೆ.

ನಿನ್ನ ಹಿಂದಿನ ಎರಡು ಪತ್ರಗಳಲ್ಲಿ ಪದೇ ಪದೇ ಕೇಳಿದ ಒಂದು ಪ್ರಶ್ನೆ ಈ ಪತ್ರದಲ್ಲಿಲ್ಲ. ಬದಲಿಗೆ, ನೀನು ಕಿವಿಗೆ ಹತ್ತಿ ಇಟ್ಟುಕೊಂಡದ್ದನ್ನು ಬರೆದಿದ್ದೀಯೆ. ನಾನು ಕಾಗದಗಳನ್ನು ತಿದ್ದುತ್ತಲೇ ಬದುಕಿದವಳು. ಬಿಟ್ಟದ್ದೂ ಸೇರಿಸಿದ್ದೂ ನನ್ನ ಕಣ್ಣಿಗೆ ಬೀಳುತ್ತವೆ. ನೀನು ಯಾರನ್ನು ವಿಚಾರಿಸಿದ್ದೀಯೆಂದು ಊಹಿಸಬಲ್ಲೆ. ನನ್ನ ಬೆನ್ನ ಹಿಂದೆ ನನ್ನ ವಿಷಯ ಮಾತನಾಡುವುದು ನನಗೆ ಒಪ್ಪಿಗೆಯಿಲ್ಲ.

ಯಂತ್ರ ಸರಿಯಾಯಿತು. ಪತ್ರ ಬರೆದ ಉದ್ದೇಶ ಮುಗಿಯಿತು. ಉಪಕಾರವಾಯಿತು.

ವಿಜಯಾಬಾಯಿ


ಸಿರುಗುಪ್ಪ
೧೭ ಜನವರಿ ೨೦೨೪

ಅಕ್ಕ,

ಉತ್ತರ ಬೇಡವೆಂದು ನೀವು ಬರೆದಿಲ್ಲ. ಉದ್ದೇಶ ಮುಗಿಯಿತೆಂದು ಬರೆದಿದ್ದೀರಿ. ಅದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ವಿಚಾರಿಸಿದ್ದು ನಿಜ. ಯಾರೋ ಹೇಳುವ ಮೊದಲೇ ನನಗೆ ತಿಳಿದಿತ್ತು. ನಿಮ್ಮ ಪತ್ರಗಳೇ ಹೇಳಿದವು.

ಈ ಮನೆಯಲ್ಲಿ ಹದಿಮೂರು ಜನರಿದ್ದೇವೆ. ನನಗೆ ಎಲ್ಲವೂ ಕೇಳುತ್ತದೆ: ಬೀಗರ ಜಗಳ, ಗಿರಣಿಯ ಲೆಕ್ಕ, ಮೊಮ್ಮಕ್ಕಳ ಫೋನಿನ ಹಾಡು. ನನ್ನನ್ನು ಕುರಿತು ಬರುವ ಮಾತು, “ಅಕ್ಕಾ, ಉಂಡಿಯೇನು?” ಅಷ್ಟೇ. ಉತ್ತರ ಹೇಳುವುದರೊಳಗೆ ಕೇ​ಳಿದವರು ಹೊಸ್ತಿಲು ದಾಟಿರುತ್ತಾರೆ. ಸೆಪ್ಟೆಂಬರಿನಿಂದ ಒಬ್ಬರು ನನ್ನ ಉತ್ತರಕ್ಕೆ ಕಾದು ಕುಳಿತಿದ್ದರು. ಒಂದು ಪ್ಲಗ್ಗಿನ ಬಣ್ಣಕ್ಕಾಗಿ ನಾನೂ ದಿನವೂ ಅಂಚೆಯವನ ದಾರಿ ನೋಡಿದೆ. ಸಂಕ್ರಾಂತಿಯ ಎಳ್ಳು ಕಟ್ಟಿಟ್ಟಿದ್ದೆ, ಕಳುಹಿಸಲು ಧೈರ್ಯವಾಗಲಿಲ್ಲ.

ಎಂಜಿನ್ನಿನ ಬಗ್ಗೆ ಒಂದು ಮಾತು ಬರೆಯುವುದು ಉಳಿದಿತ್ತು. ಚಾಲೂ ಆಯಿತೆಂದು ಬಾಗಿಲು ಮುಚ್ಚಿ ಬಿಟ್ಟುಬಿಡಬಾರದು. ತಿಂಗಳಿಗೊಮ್ಮೆಯಾದರೂ, ಫ್ಯಾನು ದೀಪ ಎಲ್ಲ ಹಚ್ಚಿ, ಭಾರ ಹೊರಿಸಿ ಓಡಿಸಬೇಕು. ಸುಮ್ಮನೆ ನಿಂತದ್ದು ಮತ್ತೆ ಅಂಟುಗಟ್ಟುತ್ತದೆ.

ಗಾಡಿ ಉಳಿಯಿತಲ್ಲ. ಅದು ಎಲ್ಲಿಗಾದರೂ ಹೋಗಲಿ.

ನಿಮ್ಮ,
ಸುನಂದಾ


ಸಿರುಗುಪ್ಪ, ನಿಮ್ಮ ಮನೆಯ ಗೇಟಿನ ಹೊರಗೆ
೨೧ ಫೆಬ್ರವರಿ ೨೦೨೪, ಮಧ್ಯಾಹ್ನ

ಸುನಂದಾ,

ಇದನ್ನು ಹುಲುಗಪ್ಪನ ಕೈಯಲ್ಲಿ ಒಳಗೆ ಕಳುಹಿಸುತ್ತಿದ್ದೇನೆ. ಅಂಚೆಯ ಚೀಟಿ ಹಚ್ಚಿಲ್ಲ, ಕ್ಷಮಿಸು.

ನಿನ್ನೆ ಬಳ್ಳಾರಿ ಬಿಟ್ಟೆವು. ರಾತ್ರಿ ಬಾದನಹಟ್ಟಿಯ ಹತ್ತಿರ ಒಬ್ಬರ ಕಣದಲ್ಲಿ ಗಾಡಿ ನಿಲ್ಲಿಸಿದೆವು. ಹುಲುಗಪ್ಪ ಕಣದವರ ಮನೆಯಲ್ಲಿ ಮಲಗಿದ, ನಾನು ಗಾಡಿಯಲ್ಲಿ. ಬೆಳಗ್ಗೆ ಕುರುಗೋಡಿಗೆ ಹೋಗಿ ನಮ್ಮ ಬಾಡಿಗೆ ಮನೆಯ ಒಡತಿ ವಿರೂಪಮ್ಮನನ್ನು ನೋಡಿದೆ. ಅವಳು ಹಾಸಿಗೆ ಹಿಡಿದಿದ್ದಾಳೆ. ನನ್ನನ್ನು ಕಂಡವಳೇ ಕೈ ಹಿಡಿದುಕೊಂಡು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಬಹಳ ಹೊತ್ತು ಮಾತನಾಡಿದಳು. ಒಂದು ಅಕ್ಷರವೂ ನನಗೆ ತಿಳಿಯಲಿಲ್ಲ. ಎಲ್ಲರೆದುರೂ ಮಾಡುವ ಹಾಗೆ ಅಲ್ಲಿಯೂ ತಲೆಯಾಡಿಸಿದೆ, ನಡುನಡುವೆ ನಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಸೊಸೆ ನನ್ನನ್ನು ವಿಚಿತ್ರವಾಗಿ ನೋಡತೊಡಗಿದಳು. ವಿರೂಪಮ್ಮ ಅಳುತ್ತಿದ್ದಳು. ಹೊರಗೆ ಬಂದು ಹುಲುಗಪ್ಪನನ್ನು ಕೇಳಿದೆ. ಅವನು ನನ್ನೆದುರು ನಿಂತು, ಬಾಯಿ ಬಿಡಿಸಿ ಹೇಳಿದ: “ಅಮ್ಮಾರ, ಆಕಿ ಹಿರೇಮಗ ಹೋಗ್ಯಾನಂತ್ರಿ, ಹ್ವಾದ ತಿಂಗಳ. ಅದನ್ನ ಹೇಳಾಕ ಹತ್ತಿದ್ಲು.”

ಒಳಗೆ ಹಿಂದಿರುಗಿ ಹೋಗಿ ಅವಳ ಕಾಲ ಬಳಿ ಕುಳಿತೆ. ಈ ಕೆಲವು ವರ್ಷಗಳಲ್ಲಿ ಇನ್ನೂ ಯಾರ ಯಾರ ದುಃಖದೆದುರು ಹೀಗೆ ನಕ್ಕಿದ್ದೇನೋ, ಯಾರು ಯಾರು ಕರೆದಾಗ ತಿರುಗದೆ ಹೋಗಿದ್ದೇನೋ, ನನಗೆ ಲೆಕ್ಕ ಸಿಗುವುದಿಲ್ಲ. ನೀನು ಮಾತು ಬಿಟ್ಟ ಕಾರಣವೂ ಇಂಥದ್ದೇ ಏನೋ ಇರಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಇದ್ದರೆ ಹೇಳು; ಎದುರಿಗೆ ಕುಳಿತು ಹೇಳು.

ಬಾದನಹಟ್ಟಿಯಲ್ಲಿ ನಿನ್ನೆ ದೀಪ ಹಚ್ಚಿಕೊಂಡು ಕುಳಿತಾಗ ಎರಡನೆಯ ಹಾಸಿಗೆಯ ಮೇಲೆ ನನ್ನ ಪುಸ್ತಕಗಳನ್ನು ಹರವಿದ್ದೆ. ಇಂದು ಬೆಳಗ್ಗೆ ಅವನ್ನೆಲ್ಲ ತೆಗೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಹೊದಿಕೆ ಒಗೆದದ್ದು. ಇಲ್ಲಿಂದ ಎಲ್ಲಿಗೆಂದು ನಾನು ತೀರ್ಮಾನಿಸಿಲ್ಲ. ಅದು ನನ್ನೊಬ್ಬಳ ತೀರ್ಮಾನವಾಗಬಾರದೆಂದು ಬಿಟ್ಟಿದ್ದೇನೆ.

ಗೇಟಿನೆದುರು ಗಾಡಿ ನಿಲ್ಲಿಸಿ, ಜನರೇಟರನ್ನು ಚಾಲೂ ಮಾಡಿ, ಫ್ಯಾನಿನ ಕೆಳಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಂಗೈಗೆ ಸರಿಯೆನಿಸುತ್ತದೆ. ಆದರೆ ಅದು ಸಮನಾಗಿ ಓಡುತ್ತಿದೆಯೋ, ಎಲ್ಲಾದರೂ ಎಡವುತ್ತಿದೆಯೋ ನನಗೆ ಕೇಳುವುದಿಲ್ಲ, ಸುನಂದಾ. ನನಗೆ ಕಿವಿ ಕೇಳುವುದಿಲ್ಲ.

ಹೊರಗೆ ಬಂದು ನೀನು ಹೇಳಬೇಕು.

ವಿಜಯಾ